ಹಳದಿ ಕಪ್ಪಿ ಫೋಟೊ ಕಳಸೋದು ಜರಾ ನಿಲ್ಲಸ್ರಿ

ಮಿರಗ ಮಳಿ ಬಿತ್ತಂದ್ರ ನನ್ನ ಫೋನ್ ತುಂಬಿ ಹೋಗ್ತದ. ಅವೇ ಫೋಟೊ, ಅವೇ ಪ್ರಶ್ನಿ. ಕಲಬುರಗಿ ನನ್ನೂರು ಖರೆ, ಆದ್ರ ಕೆಲಸೆಲ್ಲ ಪಶ್ಚಿಮ ಘಟ್ಟದ ಹಳ್ಳಕೊಳ್ಳದಾಗ, ಅದೂ ಕಪ್ಪಿ ಮ್ಯಾಲ. ಊರ ಮಂದಿ ಮಾತ್ರ ಹಾವು, ಚೇಳು, ಹಲ್ಲಿ ಎಲ್ಲಾ ನನಗೇ ಕೇಳ್ತಾರ. ಒಮ್ಮೆ ಬರದು ಹಾಕಿಬಿಡ್ತೀನಿ, ಮುಂದ ಯಾರು ಕೇಳಿದ್ರೂ ಇದನ್ನೇ ತೋರಸ್ರಿ.

ಪ್ರಶ್ನೆ (ಚಿಂಚೋಳಿಯಿಂದ): ಸರ್, ಮೊದಲ ಮಳೆಗೆ ನಮ್ಮ ಹೊಲದಾಗ ಅರಿಶಿಣ ಬಣ್ಣದ ದೊಡ್ಡ ಕಪ್ಪೆ ಕಂಡವು, ಗಲ್ಲದ ಕೆಳಗೆ ನೀಲಿ ಚೀಲ. ಗೂಗಲ್‌ನಲ್ಲಿ ಸರಿಯಾಗಿ ಸಿಗಲಿಲ್ಲ. ಹೊಸ ಪ್ರಭೇದ ಆಗಿದ್ದರೆ ನನ್ನ ಹೆಸರು ಇಡಬಹುದಾ?

ಅಲ್ರಿ, ಹೊಸದಲ್ಲ. ಗೂಳಿ ಕಪ್ಪಿ ಅದು. ಹೋಪ್ಲೊಬ್ಯಾಟ್ರಾಕಸ್ ಟೈಗೆರಿನಸ್ ಅಂತ ಹೆಸರಾಗಿ ಇನ್ನೂರು ವರ್ಷದ ಮ್ಯಾಲಾಗ್ಯದ. ಗಂಡು ಮಾತ್ರ ಹಂಗ ಹಳದಿ ಆಗ್ತದ, ಅದೂ ಹೆಣ್ಣಿಗೆ ಕರೆಯೋ ನಾಕು ದಿನ, ಆಮ್ಯಾಲ ಮತ್ತ ಅದೇ ಕೆಸರು ಹಸರು ಬಣ್ಣ. ನಿಮ್ಮಜ್ಜ ಪ್ರತಿ ವರ್ಷ ನೋಡ್ಯಾನ, ಅವನ ಕೈಯಾಗ ಮೊಬೈಲ್ ಇರ್ಲಿಲ್ಲ ಅಷ್ಟೇ.

ಬಣ್ಣ ನೋಡಿ ಹೊಸದು ಅನ್ನಾಕ ಬರಂಗಿಲ್ಲ. ಒಂದೇ ಹಳ್ಳದಾಗ ಒಂದೇ ಜಾತಿ ಕಪ್ಪಿ ಒಂದು ಕಂದು, ಒಂದು ಕೆಂಪು, ಒಂದಕ್ಕ ಬೆನ್ನ ಮ್ಯಾಲ ಪಟ್ಟಿ ಇರ್ತದ, ಇನ್ನೊಂದಕ್ಕ ಇರಂಗಿಲ್ಲ. ನಾವು ಮೊದ್ಲು ಕಿವಿಲೆ ಹುಡುಕ್ತೀವಿ. ರಾತ್ರಿ ಮಳಿಯಾಗ ಹಳ್ಳದ ದಂಡಿಗೆ ಹೋಗಿ ಟಾರ್ಚ್ ಆರಿಸಿ ಕೂಡೋದು, ಯಾಕಂದ್ರ ಹೆಜ್ಜಿ ಸಪ್ಪಳಕ್ಕ ಎಲ್ಲಾ ಗಪ್ ಆಗಿರ್ತಾವ. ಜರಾ ಹೊತ್ತಿಗೆ ಒಂದು ಸುರು ಮಾಡ್ತದ, ಆಮ್ಯಾಲ ಎರಡು. ಗೊತ್ತಿರೋ ಕೂಗಿನ ನಡುವ ಗೊತ್ತಿಲ್ಲದ್ದು ಒಂದು ಕೇಳಿಸ್ತಂದ್ರ ಅದನ್ನ ರೆಕಾರ್ಡ್ ಮಾಡಬೇಕು, ಆಗಿಂದಾಗ ಗಾಳಿ ಉಷ್ಣತಾನೂ ಬರ್ಕೋಬೇಕು, ಥಂಡಿ ಆದಂಗ ಕೂಗು ನಿಧಾನ ಆಗ್ತದ, ಇಲ್ಲಂದ್ರ ನಾಳೆ ಎರಡು ರೆಕಾರ್ಡಿಂಗ್ ಹೋಲಿಸಿ ಬೇರೆ ಬೇರೆ ಜಾತಿ ಅಂತ ಬರದು ನಗೆಪಾಟಲ ಆಗ್ತೀರಿ.

ಆಮ್ಯಾಲ ಕ್ಯಾಲಿಪರ್ ಹಿಡದು ಅಳತಿ. ಮೂಗಿನ ತುದಿಯಿಂದ ಗುದದ ತನಕ ಎಷ್ಟು ಮಿಲಿಮೀಟರ್, ಕಿವಿ ತಮಟಿ ಎಷ್ಟು ಅಗಲ, ಹಿಂಗಾಲಿನ ಬೆರಳ ನಡುವ ಜಾಲ ಎಲ್ಲಿ ತನಕ ಅದ, ಬೆರಳ ತುದಿಗೆ ಬಿಲ್ಲಿ ಅದನೋ ಇಲ್ಲೋ. ಡಿಎನ್‌ಎಗೆ ಅಂತ ಚೂರು ಮಾಂಸ ಎಥನಾಲ್‌ನ್ಯಾಗ, ದೇಹ ಫಾರ್ಮಾಲಿನ್‌ನ್ಯಾಗ, ಕಾಲಿಗೆ ದಾರ ಕಟ್ಟಿ ನಂಬರ್ ಚೀಟಿ. ಆ ಚೀಟಿ ಬಿಚ್ಚಿ ಬಿತ್ತಂದ್ರ ಅಷ್ಟೂ ಕೆಲಸ ನೀರಾಗ ಹೋಮ.

ಇಷ್ಟಾದ್ರೂ ಅದಿನ್ನೂ ಹೊಸ ಪ್ರಭೇದ ಅಲ್ಲ. ಖರೆ ಹುಡುಕಾಟ ಕಾಡಿನಾಗ ಅಲ್ಲ, ಮ್ಯೂಸಿಯಂ ಬಾಟ್ಲಿ ನಡುವ ಅದ. ಬ್ರಿಟಿಷರ ಕಾಲದಾಗ ಯಾರೋ ಒಬ್ಬ ಇದನ್ನೇ ಹಿಡದು, ಎರಡು ಸಾಲು ಬರದು, ಹೆಸರಿಟ್ಟು ಲಂಡನ್ನಿಗೆ ಕಳಿಸಿರ್ತಾನ. ಆ ಬಳಗದ ಪ್ರತಿಯೊಂದು ಹಳೇ ಹೆಸರು ತಗದು, ಆ ಹೆಸರಿನ ಮೂಲ ಮಾದರಿ, ಅಂದ್ರ ಹೆಸರಿಡುವಾಗ ತಗದಿಟ್ಟ ಕಪ್ಪಿ, ಅದರ ಜೋಡಿ ಹೋಲಿಸಿ, ಅದಲ್ಲ, ಇದೂ ಅಲ್ಲ ಅಂತ ಒಂದೊಂದಾಗಿ ಅಳಸ್ತಾ ಬರಬೇಕು. 2012ರಾಗ ಒಂದು ಅಧ್ಯಯನ ಲೆಕ್ಕ ಹಾಕ್ತು, ಜೀವಿ ಮೊದಲ ಸಲ ಕೈಗೆ ಸಿಕ್ಕಾಗಿಂದ ಹೆಸರು ಆಗೋ ತನಕ ಸರಾಸರಿ 21 ವರ್ಷ. ನೀವು ನಿನ್ನೆ ಸಂಜಿಗೆ ಫೋಟೊ ಕಳಸಿ ಇವತ್ತ ಮುಂಜಾನೆ 'ಏನಾಯ್ತ್ರಿ ಸರ್' ಅಂತೀರಿ.

ಹಂಗಾರ ಹೊಸದು ಸಿಗಂಗೇ ಇಲ್ಲೇನು ಅಂದ್ರ, ಸಿಗ್ತಾವ, ಭಾಳ ಸಿಗ್ತಾವ. 2017ರಾಗ ಘಟ್ಟದಾಗ ಒಮ್ಮೆಲೇ ಏಳು ಹೊಸ ಇರುಳು ಕಪ್ಪಿ ಬಂದ್ವು, ಅದರಾಗ ನಾಕು 12ರಿಂದ 15 ಮಿಲಿಮೀಟರಿನ ಆಸುಪಾಸು, ಉಗುರಿನ ಮ್ಯಾಲ ಕೂಡ್ತಾವ, ಕೂಗೂ ಹುಳದ ಕೂಗಿನಂಗ, ಅದಕ್ಕೇ ಇಷ್ಟು ವರ್ಷ ಯಾರ ಕಣ್ಣಿಗೂ ಬಿದ್ದಿರ್ಲಿಲ್ಲ. ಉತ್ತರ ಕನ್ನಡದ ಕತ್ತಲೆಕಾನದ ಕಡಿ ಕುಂಬಾರ ಕಪ್ಪಿ ಅದ, 2014ರಾಗ ಹೆಸರಾದದ್ದು. ಕಡ್ಡಿಗೆ ಅಂಟಿದ ಮೊಟ್ಟಿಗೆ ಗಂಡು ಮುಂಗಾಲಿಲೆ ಕೆಸರು ತಂದು ಮೆತ್ತತದ, ಮತ್ತ ನೀರಿಗೆ ಇಳೀತದ, ಮತ್ತ ತಂದು ಮೆತ್ತತದ. ಕಾಡೇ ಬೇಕಂತೇನೂ ಇಲ್ಲ, 2020ರಾಗ ಬೆಂಗಳೂರಿನ ರಾಜಾನುಕುಂಟೆ ಪಾಳು ಜಾಗದಾಗ ಒಂದು ಬಿಲಗಪ್ಪಿ ಹೊಸದಂತ ಸಾಬೀತಾಯ್ತು. ಆದ್ರ ಸಾಬೀತಾಯ್ತು ನೋಡ್ರಿ, ಪೇಪರ್‌ನ್ಯಾಗ ಸುದ್ದಿ ಆಗಿದ್ದಷ್ಟೇ ಅಲ್ಲ.

ನಿಮ್ಮ ಹೆಸರಿನ ಮಾತು. ತನ್ನ ಹೆಸರು ತಾನೇ ಇಡಬಾರದಂತ ನಿಯಮ ಇಲ್ಲ, ಮರ್ಯಾದಿ ಇದ್ದವರು ಇಡಂಗಿಲ್ಲ. ಇನ್ನೊಂದು, ಹೊಸ ಜೀವಿ ಸಿಕ್ರ 2002ರ ಜೀವವೈವಿಧ್ಯ ಕಾಯ್ದಿ ಪ್ರಕಾರ ಮಾದರಿ ಸರ್ಕಾರ ಗೊತ್ತು ಮಾಡಿದ ಸಂಗ್ರಹಾಲಯಕ್ಕ ಕೊಡಲೇಬೇಕು. ಚಿಂಚೋಳಿ ಅಭಯಾರಣ್ಯದಾಗ ಅರಣ್ಯ ಇಲಾಖಿ ಪರ್ಮಿಷನ್ ಇಲ್ದ ಡಬ್ಬಿ ಹಿಡಕೊಂಡು ಅಡ್ಡಾಡಿದ್ರ ಕೇಸ್ ಆಗ್ತದ. ಆಗ ನನಗ ಫೋನ್ ಮಾಡಬ್ಯಾಡ್ರಿ.

ಪ್ರಶ್ನೆ (ಯಾದಗಿರಿ): ಮಲೆನಾಡಿನ ಕಾಡಿಗೆ ಹೋಗುವಾಗ ಹಾವಿನ ವಿಷಕ್ಕೆ ನಾಟಿ ಬೇರಿನ ಪುಡಿ ಇಟ್ಟುಕೊಂಡರೆ ಸಾಕಾ?

ಪುಡಿ ಮಾರಿದಾಂವನ್ನ ಮೊದ್ಲು ಕಚ್ಚಿಸಿ ನೋಡ್ರಿ. ಹಾವಿನ ಕಲ್ಲು, ಮಂತ್ರ, ಬೇರು ಯಾವುದೂ ನಡ್ಯಂಗಿಲ್ಲ. ನಮ್ಮ ದೇಶದ ಆಂಟಿವೆನಮ್, ಅಂದ್ರ ಹಾವಿನ ವಿಷಕ್ಕ ಕೊಡೋ ಇಂಜೆಕ್ಷನ್, ತಯಾರಾಗೋದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಕರ ವಿಷದಿಂದ. ಘಟ್ಟದಾಗಿನ ಗೂನು ಮೂಗಿನ ಗುಳಿಮಂಡಲಕ್ಕ ಅದು ಕೆಲಸ ಮಾಡಂಗಿಲ್ಲ. ಹಂಗಂತ ದವಾಖಾನಿ ಬಿಡಬ್ಯಾಡ್ರಿ, ಕಿಡ್ನಿ, ರಕ್ತ ನೋಡಿಕೊಳ್ಳೋರು ಅಲ್ಲೇ ಇರ್ತಾರ. ಕಚ್ಚಿದ್ರ ಕೊಯ್ಯಬ್ಯಾಡ್ರಿ, ಬಿಗದು ಕಟ್ಟಬ್ಯಾಡ್ರಿ, ಅಲ್ಲಾಡದಂಗ ಮಾಡಿ ಗಾಡಿ ಹತ್ತಸ್ರಿ. ನಾನಂತೂ ರಾತ್ರಿ ಮಣಕಾಲ ತನಕ ಗಮ್‌ಬೂಟ್ ಇಲ್ದ ಹಳ್ಳಕ್ಕ ಇಳ್ಯಂಗಿಲ್ಲ, ಟಾರ್ಚ್ ಬೆಳಕ ಬೀಳದ ಜಾಗಕ್ಕ ಕೈ ಹಾಕಂಗಿಲ್ಲ. ಅಂಜುಬುರುಕ ಅಂದ್ರೂ ನಡೀತದ.

ಪ್ರಶ್ನೆ (ಹುಮನಾಬಾದ್): ಎರಡು ತಲೆ ಹಾವಿಗೆ ಲಕ್ಷಗಟ್ಟಲೆ ರೇಟ್ ಇದೆಯಂತೆ, ನಿಜವೇ?

ತಲಿ ಒಂದೇ, ಇನ್ನೊಂದು ಬಾಲ. ರೇಟ್ ಸುಳ್ಳು, ಜೈಲು ಖರೆ.

ಪ್ರಶ್ನೆ (ಕಲಬುರಗಿ): ಪ್ರಾಣಿಯನ್ನು ಕೊಲ್ಲದೆ ಹೊಸ ಪ್ರಭೇದ ಘೋಷಿಸಲು ಆಗುವುದಿಲ್ಲವೇ?

ಒಳ್ಳೇ ಪ್ರಶ್ನಿ ಇದೊಂದೇ. ಅರುಣಾಚಲದ ಈಗಲ್‌ನೆಸ್ಟ್‌ನ್ಯಾಗ 2006ರಾಗ ಬುಗುನ್ ಲಿಯೊಸಿಕ್ಲಾ ಅನ್ನೋ ಹೊಸ ಹಕ್ಕಿಗೆ ಹಂಗೇ ಮಾಡಿದ್ರು, ಬಲಿಯಾಗ ಹಿಡದು, ಪುಕ್ಕ ತಗೊಂಡು, ಅಳದು, ಬಿಟ್ಟುಬಿಟ್ರು, ಕೆಲವೇ ಹಕ್ಕಿ ಕಂಡಿದ್ವು, ಕೊಲ್ಲೋದು ಬ್ಯಾಡಂದ್ರು. ಉಗುರಿನಷ್ಟು ಕಪ್ಪಿಗೆ ಆ ದಾರಿ ಕಷ್ಟ, ಎಲಬು, ಬಾಯೊಳಗಿನ ಹಲ್ಲು ಹೊರಗಿಂದ ಕಾಣಂಗಿಲ್ಲ. ಬೇಕಾದಷ್ಟೇ ತಗೋಬೇಕು, ನನ್ನ ಮಟ್ಟಿಗೆ ಇಷ್ಟೇ ಲೆಕ್ಕ.

ಪ್ರಶ್ನೆ (ಬೀದರ್): ನಿಮ್ಮ ಜೊತೆ ಫೀಲ್ಡ್‌ಗೆ ಬರಬಹುದಾ? ಕಪ್ಪೆ ಎಲ್ಲಿ ಸಿಗುತ್ತೆ, ಲೊಕೇಶನ್ ಕಳಿಸಿ.

ಲೊಕೇಶನ್ ಯಾರಿಗೂ ಕೊಡಂಗಿಲ್ಲ. ಚೀನಾದಾಗ 1999ರಾಗ ಹೆಸರಾದ ಒಂದು ಹಲ್ಲಿ ಜಾತಿ ಇತ್ತು, ಅದರ ಸಂಶೋಧನಾ ಲೇಖನ ಓದಿ ಹೋದ ವ್ಯಾಪಾರಿಗಳು ಮೊದ್ಲು ಸಿಕ್ಕ ಜಾಗದಾಗ ಒಂದೂ ಉಳಿಸ್ಲಿಲ್ಲ. ಬರೋದಾದ್ರ ಬರ್ರಿ, ಆದ್ರ ಬೂಟ್ ಬ್ಲೀಚ್ ನೀರಿಲೆ ತೊಳ್ಕೊಂಡು ಬರಬೇಕು, ಕಪ್ಪಿಗೆ ಬರೋ ಫಂಗಸ್ ರೋಗ ಒಂದು ಹಳ್ಳದಿಂದ ಇನ್ನೊಂದಕ್ಕ ಬೂಟಿನ ಕೆಸರಿನಾಗೂ ಹೋಗ್ತದ. ಉಂಬಳ ಕಚ್ಚಿದ್ರ ಒದರಬಾರದು. ರೀಲ್ಸ್ ಮಾಡೋರು ಬರಲೇಬ್ಯಾಡ್ರಿ.