ಬ್ರೇಕ್ ಇಲ್ಲದ ಬೈಕು, ಐದಡಿ ಎತ್ತರದ ಚಾಂಪಿಯನ್

ಪ್ರಶ್ನೆ: ಪಿ.ಬಿ. ರಸ್ತೆಯಲ್ಲಿ ನನ್ನದೊಂದು ಗ್ಯಾರೇಜ್ ಇದೆ. ಸ್ಪೀಡ್‌ವೇ ರೇಸಿನ ಬೈಕಿಗೆ ಬ್ರೇಕೇ ಇರಲ್ಲ, ಅದರಲ್ಲಿ ಪೀಟರ್ ಕ್ರೇವನ್ ಅನ್ನೋ ಇಂಗ್ಲೆಂಡಿನವನು ಎರಡು ಸಲ ವಿಶ್ವ ಚಾಂಪಿಯನ್ ಆಗಿದ್ದ ಅಂತ ಗಿರಾಕಿಯೊಬ್ಬರು ಹೇಳಿದರು. ಬ್ರೇಕ್ ಇಲ್ಲದೆ ತಿರುವು ಹೇಗೆ ತಗೋತಾರೆ ಸಾರ್?
— ಒಬ್ಬ ಮೆಕ್ಯಾನಿಕ್, ದಾವಣಗೆರೆ

ಉತ್ತರ: ನಿಮ್ಮ ಗಿರಾಕಿ ಹೇಳಿದ್ದು ನಿಜ. 500 ಸಿಸಿ ಎಂಜಿನ್, ಒಂದೇ ಗೇರು, ಒಂದು ಕ್ಲಚ್, ಅಷ್ಟೇ. ಪೆಟ್ರೋಲ್ ಬದಲು ಮೆಥನಾಲ್. ಮಣ್ಣು ಮತ್ತು ಸಣ್ಣ ಕಲ್ಲುಪುಡಿಯ ಮೊಟ್ಟೆಯಾಕಾರದ ಟ್ರ್ಯಾಕಿನಲ್ಲಿ ನಾಲ್ಕು ಜನ ನಾಲ್ಕು ಸುತ್ತು ಹೊಡೀತಾರೆ, ಒಂದು ನಿಮಿಷದ ಆಸುಪಾಸಿನಲ್ಲಿ ರೇಸ್ ಮುಗಿದೇ ಹೋಗುತ್ತೆ. ಎಲ್ಲ ತಿರುವೂ ಎಡಕ್ಕೆ. ಮ್ಯಾಂಚೆಸ್ಟರಿನ ಬೆಲ್ ವ್ಯೂನಲ್ಲಿ ಕ್ರೇವನ್ ಓಡಿಸುತ್ತಿದ್ದ ಟ್ರ್ಯಾಕು 418 ಗಜ, ಅಂದರೆ ಸುಮಾರು 380 ಮೀಟರ್. ಕ್ರೀಡಾಂಗಣದಲ್ಲಿ ಹುಡುಗರು ಓಡುವ 400 ಮೀಟರ್ ಟ್ರ್ಯಾಕಿಗಿಂತ ಸ್ವಲ್ಪ ಚಿಕ್ಕದು.

ತಿರುವು ಬಂದಾಗ ಸವಾರ ಬೇಕಂತಲೇ ಹಿಂದಿನ ಚಕ್ರವನ್ನು ಜಾರಿಸುತ್ತಾನೆ. ಬೈಕಿನ ಹಿಂಭಾಗ ಬಲಕ್ಕೆ ಹೋಗುತ್ತೆ, ಅವನು ಹ್ಯಾಂಡಲ್ಲನ್ನೂ ಬಲಕ್ಕೇ ತಿರುಗಿಸುತ್ತಾನೆ, ಗಾಡಿ ಮಾತ್ರ ಎಡಕ್ಕೆ ತಿರುಗುತ್ತೆ. ಎಡಗಾಲಿನ ಬೂಟಿಗೆ ಉಕ್ಕಿನ ತಳ ಕಟ್ಟಿಕೊಂಡು ಆ ಕಾಲನ್ನು ನೆಲದ ಮೇಲೆ ಉಜ್ಜುತ್ತಾ ಹೋಗುತ್ತಾನೆ. ಹೀಗೆ ಅಡ್ಡ ಜಾರುವುದರಲ್ಲೇ ವೇಗ ಕಮ್ಮಿಯಾಗುತ್ತೆ. ಮಿಕ್ಕಿದ್ದೆಲ್ಲ ಬಲಗೈಯ ಆಕ್ಸಿಲರೇಟರಿನಲ್ಲಿದೆ. ಹೆದರಿ ಅದನ್ನು ಒಮ್ಮೆಲೇ ಬಿಟ್ಟರೆ ಹಿಂದಿನ ಟೈರು ದಿಢೀರನೆ ನೆಲ ಹಿಡಿದು ಸವಾರನನ್ನು ಎತ್ತಿ ಒಗೆಯಬಹುದು. ಬ್ರೇಕ್ ಇಡದಿರುವುದಕ್ಕೂ ಕಾರಣ ಇದೆ: ನಾಲ್ಕು ಗಾಡಿ ಒತ್ತೊತ್ತಾಗಿ ಹೋಗುವಾಗ ಮುಂದಿನವನು ಬ್ರೇಕ್ ಹಾಕಿದರೆ ಹಿಂದಿನವನು ನೇರ ಅವನ ಮೇಲೇ ಹೋಗುತ್ತಾನೆ, ಅಲ್ವಾ?

ಪ್ರಶ್ನೆ: ನನ್ನ ಎತ್ತರ ಐದಡಿ ಒಂದಿಂಚು. ಬೈಕ್ ರೇಸ್ ಅಂದರೆ ಪ್ರಾಣ. ಕಾಲೇಜಿನಲ್ಲಿ ಹೇಳಿದರೆ ಎಲ್ಲರೂ ನಗ್ತಾರೆ. ಕುಳ್ಳಗಿರುವವರು ರೇಸರ್ ಆದದ್ದು ಉಂಟಾ? ನಮ್ಮೂರ ಹತ್ತಿರದ ಬಯಲಿನಲ್ಲಿ ಗೆಳೆಯರ ಜೊತೆ ಸುಮ್ನೆ ಶುರು ಮಾಡಬಹುದಾ?
— ಒಬ್ಬ ವಿದ್ಯಾರ್ಥಿ, ಚಿತ್ರದುರ್ಗ

ಉತ್ತರ: ಉಂಟು ತಮ್ಮಾ. ಮೇಲೆ ಹೇಳಿದ ಪೀಟರ್ ಕ್ರೇವನ್ನೇ ಐದಡಿಯ ಆಸುಪಾಸಿನ ಮನುಷ್ಯ. 1934ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿದ. ಬಲದಿಂದ ಗಾಡಿಯನ್ನು ಅದುಮಿ ಹಿಡಿಯುವ ಮೈಕಟ್ಟು ಅವನದಲ್ಲ. ಅದಕ್ಕೇ ಸೀಟಿನ ಮೇಲೆ ಹಿಂದೆ, ಮುಂದೆ, ಪಕ್ಕಕ್ಕೆ ಮೈ ಸರಿಸುತ್ತಾ ತೂಕದಿಂದಲೇ ಬೈಕನ್ನು ಆಡಿಸುತ್ತಿದ್ದ. ಅಲ್ಲಿನ ಜನ ಅವನನ್ನು ಸಮತೋಲನದ ಮಾಂತ್ರಿಕ ಅಂತಲೇ ಕರೆದರು.

1955ರಲ್ಲಿ ಲಂಡನ್ನಿನ ವೆಂಬ್ಲಿಯಲ್ಲಿ ವಿಶ್ವ ಚಾಂಪಿಯನ್ ಆದಾಗ ಅವನಿಗೆ 21 ವರ್ಷ. ಆ ಫೈನಲ್‌ನಲ್ಲಿ ಒಬ್ಬೊಬ್ಬರಿಗೂ ಐದು ರೇಸ್, ಗೆದ್ದರೆ ಮೂರು ಅಂಕ, ಅಂದರೆ ಹೆಚ್ಚೆಂದರೆ 15. ಅವನು 13 ಗಳಿಸಿದ. ನನಗೆ ಅದಕ್ಕಿಂತ ಜಾಸ್ತಿ ಕಾಡುವುದು 1960ರ ಫೈನಲ್. ಸ್ವೀಡನ್ನಿನ ಊವ್ ಫುಂಡಿನ್, ನ್ಯೂಜಿಲೆಂಡಿನ ರಾನಿ ಮೂರ್, ಕ್ರೇವನ್, ಮೂವರದೂ 14. ಮೂವರಿಗೇ ಇನ್ನೊಂದು ರೇಸ್ ಇಟ್ಟರು. ಫುಂಡಿನ್ ಗೆದ್ದ, ಕ್ರೇವನ್ ಮೂರನೆಯವನಾದ. ಅಷ್ಟು ಹತ್ತಿರ ಹೋಗಿ ಕೈತಪ್ಪಿದ ಮೇಲೆ ಮತ್ತೆ ಎದ್ದು ಬರುವುದು ಸುಲಭವಲ್ಲ. ಆದರೂ 1962ರಲ್ಲಿ ಅದೇ ವೆಂಬ್ಲಿಯಲ್ಲಿ 14 ಅಂಕ ಪಡೆದು ಎರಡನೇ ಸಲ ಗೆದ್ದ. ಅವನಾದ ಮೇಲೆ ಇನ್ನೊಬ್ಬ ಇಂಗ್ಲಿಷ್ ಸವಾರ ವಿಶ್ವ ಚಾಂಪಿಯನ್ ಆಗಿದ್ದು 1976ರಲ್ಲಿ.

ಇನ್ನು ಬಯಲಿನ ವಿಷಯ. 1963ರ ಸೆಪ್ಟೆಂಬರ್ 20ರಂದು ಎಡಿನ್‌ಬರೋದಲ್ಲಿ ಒಂದು ಪಂದ್ಯ. ಮುಂದಿದ್ದ ಸವಾರ ಬಿದ್ದುಬಿಟ್ಟ. ಅವನ ಮೇಲೆ ಹೋಗಬಾರದೆಂದು ಕ್ರೇವನ್ ಗಾಡಿ ಪಕ್ಕಕ್ಕೆ ಎಳೆದ, ಬೇಲಿಗೆ ಹೋಗಿ ಬಡಿದ. ನಾಲ್ಕು ದಿನಕ್ಕೆ ತೀರಿಕೊಂಡ. ವಯಸ್ಸು 29. ಅಷ್ಟು ಕೈ ಪಳಗಿದವನು, ಅದಕ್ಕೆಂದೇ ಮಾಡಿದ ಟ್ರ್ಯಾಕು, ಆದರೂ ಹೀಗಾಯಿತು. ಬಯಲಿನಲ್ಲಿ ಬೇಲಿಯೂ ಇಲ್ಲ, ಆಂಬುಲೆನ್ಸೂ ಇಲ್ಲ, ದನ ಅಡ್ಡ ಬರುತ್ತೆ, ಮಕ್ಕಳು ನೋಡಲು ನಿಂತಿರುತ್ತಾರೆ. ದಯವಿಟ್ಟು ಬೇಡ. ರೇಸ್ ಲೈಸೆನ್ಸ್ ಕೊಡುವುದು ಫೆಡರೇಷನ್ ಆಫ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಸ್ ಆಫ್ ಇಂಡಿಯಾ. ಅವರ ಮಾನ್ಯತೆ ಇರುವ ಕ್ಲಬ್ಬು ಯಾವುದು, ಡರ್ಟ್ ಟ್ರ್ಯಾಕ್ ತರಬೇತಿ ಎಲ್ಲಿದೆ ಅಂತ ಮೊದಲು ವಿಚಾರಿಸಿ. ಎತ್ತರದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ನಗುವವರು ನಗಲಿ.

ಪ್ರಶ್ನೆ: ಹಿಂದೆ ರೇಸ್ ಬೈಕಿಗೆ ಹರಳೆಣ್ಣೆ ಹಾಕುತ್ತಿದ್ದರಂತೆ, ಹೌದಾ? ನಾವು ಹೊಲದ ಬದುವಿನಲ್ಲಿ ಹರಳು ಬೆಳೆಯುವವರು.
— ಒಬ್ಬ ರೈತ, ಚಳ್ಳಕೆರೆ

ಉತ್ತರ: ಹೌದು. ಎಂಜಿನ್ ಎಷ್ಟೇ ಕಾದರೂ ಹರಳೆಣ್ಣೆಯ ಪದರ ಸುಲಭಕ್ಕೆ ಕಿತ್ತುಹೋಗುವುದಿಲ್ಲ, ಅದಕ್ಕೇ ರೇಸಿನವರಿಗೆ ಅದು ಬೇಕಿತ್ತು. ಕ್ರೇವನ್ ಕಾಲದ ಜೆಎಪಿ ಅನ್ನೋ ಇಂಗ್ಲಿಷ್ ಕಂಪನಿಯ ಎಂಜಿನ್‌ನಲ್ಲಿ ಒಮ್ಮೆ ಒಳಗೆ ಹೋದ ಆಯಿಲ್ ತಿರುಗಿ ಟ್ಯಾಂಕಿಗೆ ಬರುತ್ತಿರಲಿಲ್ಲ, ಹೊರಗೆ ಹೋಗುತ್ತಿತ್ತು. ಆ ಸುಟ್ಟೆಣ್ಣೆಯ ವಾಸನೆಯನ್ನು ಹಳೆಯ ಅಭಿಮಾನಿಗಳು ಈಗಲೂ ನೆನೆಯುತ್ತಾರೆ. ನಿಮ್ಮ ಬೈಕಿಗೆ ಮಾತ್ರ ಗಾಣದ ಎಣ್ಣೆ ಹಾಕಬೇಡಿ. ಅದು ಒಳಗೆ ಅಂಟಾಗಿ ಕೂರುತ್ತೆ. ಕಂಪನಿ ಹೇಳಿದ ಆಯಿಲ್ಲನ್ನೇ ಹಾಕಿ.