ಉತ್ತರ: ಬೀಡಿ ಕಟ್ಟುವ ಐಸಮ್ಮ, ಕಿವಿ ಕೇಳದ ಹುಡುಗ, ಮತ್ತು ಸಾವಿರ ಪ್ರತಿ

ಮೇಡಂ, ನಿಮ್ಮ ಪ್ರಶ್ನೆಯನ್ನೂ ಜೊತೆಗೆ ಹಾಕಿದ ಮೂರು ಅಧ್ಯಾಯಗಳನ್ನೂ ಓದಿದೆ. ನೀವು ಸಾಗರದವರು, ಮೊದಲ ಕಾದಂಬರಿ ಮುಗಿಸಿದ್ದೀರಿ. ಅದರಲ್ಲಿ ಬಂಟ್ವಾಳದ ಕಡೆಯ, ಬೀಡಿ ಕಟ್ಟುವ ಬ್ಯಾರಿ (ಕರಾವಳಿಯ ಮುಸ್ಲಿಂ ಸಮುದಾಯ) ಹೆಂಗಸು ಐಸಮ್ಮ ಇದ್ದಾಳೆ, ಪಕ್ಕದ ಮನೆಯಲ್ಲಿ ಕಿವಿ ಕೇಳದ ಹನ್ನೆರಡು ವರ್ಷದ ಹುಡುಗ ಇದ್ದಾನೆ. "ನಮ್ಮವರಲ್ಲದವರ ಬಗ್ಗೆ ಬರೆಯೋಕೆ ನಮಗೆ ಹಕ್ಕಿದೆಯಾ" ಅನ್ನೋದು ಒಂದು ಪ್ರಶ್ನೆ. "ಪ್ರಕಾಶಕರು 60 ಸಾವಿರ ಕೇಳ್ತಿದ್ದಾರೆ, ಅದರ ಬದಲು ನಾನೇ 1000 ಪ್ರತಿ ಹಾಕಿಸಲಾ" ಅನ್ನೋದು ಇನ್ನೊಂದು. ಇಲ್ಲಿ ಎಲ್ಲರೂ ಎರಡನ್ನೂ ಬೇರೆ ಬೇರೆ ಮಾಡಿ ಉತ್ತರ ಕೊಟ್ಟಿದ್ದಾರೆ. ನನಗೆ ಎರಡೂ ಒಂದೇ ಅನ್ನಿಸ್ತು. ಒಳ್ಳೆ ಪ್ರಕಾಶಕರ ಹತ್ತಿರ ಅಚ್ಚಿಗೆ ಹೋಗೋ ಮುಂಚೆ "ಇದು ಸರಿ ಬಂದಿಲ್ಲ" ಅನ್ನೋ ಒಬ್ಬರು ಇರ್ತಾರೆ. ಸ್ವಂತಕ್ಕೆ ಹಾಕಿಸಿದರೆ ಆ ಒಬ್ಬರನ್ನು ನಾವೇ ಹುಡುಕಿಕೊಳ್ಳಬೇಕು. ನಾನು ಹುಡುಕಲಿಲ್ಲ.

ನನ್ನ ಮೊದಲ ಕಾದಂಬರಿ ಬ್ಯಾಡಗಿ ಮೆಣಸಿನಕಾಯಿ ಪೇಟೆಯದ್ದು. ಅದರಲ್ಲಿ ಒಬ್ಬ ಮುಸ್ಲಿಂ ಲಾರಿ ಡ್ರೈವರ್. ಅವನು ಬಾಯಿ ಬಿಟ್ಟರೆ "ಅರೆ ಅಲ್ಲಾ, ನಿಮ್ದೂಕೆ ಬಾಡಿಗೆ ಎಷ್ಟು, ನಮ್ದೂಕೆ ಟೈಮ್ ಇಲ್ಲ". ಬರೆಯುವಾಗ ನನಗೆ ಬಹಳ ಸಹಜ ಅನ್ನಿಸಿತ್ತು. 500 ಪ್ರತಿ ಬಂದಮೇಲೆ ಪೇಟೆಯಲ್ಲೇ ದಲಾಲಿ ಮಾಡುವ ಪರಿಚಯದ ಮುಸ್ಲಿಮರೊಬ್ಬರಿಗೆ ಖುಷಿಯಿಂದ ಒಂದು ಕೊಟ್ಟೆ. ವಾರ ಬಿಟ್ಟು ಸಿಕ್ಕಾಗ ಅವರು ಬೈಯಲಿಲ್ಲ, ಚಹಾ ಹೇಳಿದರು. ಆಮೇಲೆ ಮೆಲ್ಲಗೆ, "ಸರ, ನಾವು ನಾಲ್ಕು ತಲಿಯಿಂದ ಇದs ಊರಾಗ ಅದೀವಿ. ನಾ ನಿಮ್ಮಂಗs ಮಾತಾಡ್ತೀನಲ್ರಿ? ನಿಮ್ಮ ಪುಸ್ತಕದಾಗಿನ ಡ್ರೈವರ್ ಯಾವೂರಾವ?" ಅಂದರು. ಇಪ್ಪತ್ತು ವರ್ಷ ಅವರ ಜೊತೆ ಮಾತಾಡಿದ್ದೆ. ಬರೆಯೋಕೆ ಕೂತಾಗ ಮಾತ್ರ ಅವರ ದನಿ ಬಿಟ್ಟು ಸಿನಿಮಾದ ಹಾಸ್ಯದ ದನಿ ಕಿವಿಗೆ ಬಂದಿತ್ತು.

ನಿಮ್ಮ ಐಸಮ್ಮನ ಬಾಯಲ್ಲೂ ಅದೇ "ನಿಮ್ದೂಕೆ" ಎರಡು ಕಡೆ ಇದೆ. ಅವಳ ವಿಷಯದಲ್ಲಿ ಇದು ಇನ್ನೂ ದೊಡ್ಡ ತಪ್ಪು. ಆ ಧಾಟಿ ಹುಟ್ಟಿದ್ದೇ ಉರ್ದು ಮನೆಮಾತಿನವರನ್ನು ಅಣಕಿಸೋಕೆ. ಬ್ಯಾರಿಗಳ ಮನೆಮಾತು ಉರ್ದು ಅಲ್ಲ, ಬ್ಯಾರಿ ಭಾಷೆ. ಅದು ಮಲಯಾಳಂ, ತುಳುವಿಗೆ ಹತ್ತಿರದ್ದು. ಐಸಮ್ಮ ಮಗಳ ಜೊತೆ ಬ್ಯಾರಿ ಮಾತಾಡ್ತಾಳೆ, ಪಕ್ಕದ ಮನೆಯ ಪೂಜಾರ್ತಿ (ಬಿಲ್ಲವ ಹೆಂಗಸು) ಜೊತೆ ತುಳು, ಶಾಲೆಯ ಟೀಚರ ಜೊತೆ ಕನ್ನಡ. ಆ ಕನ್ನಡವೂ ಶಾಲೆಯಲ್ಲಿ ಕಲಿತದ್ದಾದ್ದರಿಂದ ನಮ್ಮ ನಿಮ್ಮದಕ್ಕಿಂತ ಪುಸ್ತಕಕ್ಕೆ ಹತ್ತಿರ ಇರುತ್ತೆ: "ಎಂತ ಮಾಡುವುದು ಟೀಚರೇ, ಅವಳಿಗೆ ಜ್ವರ ಬಿಡುವುದೇ ಇಲ್ಲ." ಮೂರು ಭಾಷೆ ಆಡುವ ಹೆಂಗಸಿನ ಬಾಯಿಗೆ ನೀವು ಒಂದೇ ಭಾಷೆ ಇಟ್ಟು, ಅದನ್ನೂ ಮುರಿದಿದ್ದೀರಿ. ಕಾದಂಬರಿ ತುಂಬ ಬ್ಯಾರಿ ತುರುಕಿ ಅಂತಲ್ಲ. "ಉಮ್ಮ" (ಅಮ್ಮ) ಅಂತ ಮಗಳು ಕರೆದರೆ ಸಾಕು, ಉಳಿದದ್ದು ಕನ್ನಡದಲ್ಲೇ ನಡೆಯಲಿ. ಅವಳು ಯಾರ ಹತ್ತಿರ ಯಾವ ಭಾಷೆಗೆ ಹೊರಳಿದಳು ಅನ್ನೋದನ್ನು ಒಂದು ಸಾಲಲ್ಲಿ ಹೇಳಿ.

ಕೆಲಸದ ವಿಷಯವೂ ಹಾಗೇ. "ಐಸಮ್ಮ ಬೀಡಿ ಸುತ್ತುತ್ತಾ ಕಣ್ಣೀರು ಒರೆಸಿಕೊಂಡಳು" ಅಂತ ಮೂರು ಅಧ್ಯಾಯದಲ್ಲಿ ನಾಲ್ಕು ಸಲ ಬಂದಿದೆ. ಆ ಕಡೆ ಬೀಡಿ "ಕಟ್ಟುವುದು" ಅಂತಾರೆ. ಎಲೆಯನ್ನು ಅಳತೆಗೆ ಕತ್ತರಿಸಬೇಕು, ಹೊಗೆಸೊಪ್ಪಿನ ಪುಡಿ ತುಂಬಿ ಸುರುಳಿ ಮಾಡಬೇಕು, ತುದಿ ಮಡಚಿ ನೂಲು ಬಿಗಿಯಬೇಕು. ಎರಡೂ ಕೈ ಬಿಡುವಿಲ್ಲ, ಕಣ್ಣು ಒರೆಸೋಕೆ ಹೋದರೆ ಹೊಗೆಸೊಪ್ಪು ಕಣ್ಣಿಗೆ. ಕೂಲಿ ಸಾವಿರ ಬೀಡಿಗೆ ಇಷ್ಟು ಅಂತ. ಕಟ್ಟಿದ್ದನ್ನು ಬ್ರಾಂಚಿಗೆ (ಬೀಡಿ ಕಂಪನಿಯವರು ಬೀಡಿ ತಗೊಳ್ಳುವ ಕಡೆ) ಒಯ್ದರೆ ಅಲ್ಲಿ ನೋಡಿ, ಸರಿಯಿಲ್ಲದ್ದನ್ನು ಪಕ್ಕಕ್ಕೆ ಎಸೆಯುತ್ತಾರೆ. ಫರಂಗಿಪೇಟೆ ಹತ್ತಿರ ಒಮ್ಮೆ ಬಸ್ಸಿಗೆ ಕಾಯುತ್ತಾ ಅರ್ಧ ಗಂಟೆ ಒಂದು ಬ್ರಾಂಚ್ ಎದುರು ನಿಂತಿದ್ದೆ. ಎಲ್ಲ ಜಾತಿಯ ಹೆಂಗಸರು ಒಂದೇ ಸಾಲಲ್ಲಿ ತುಳುವಿನಲ್ಲಿ ಜಗಳ, ನಗು. ಒಬ್ಬಾಕೆ ತನ್ನ ಎಸೆದ ಬೀಡಿಗಳ ಕಡೆ ನೋಡಿದ ನೋಟ ಇನ್ನೂ ನೆನಪಿದೆ, ಅದರಲ್ಲಿ ಕಣ್ಣೀರಂತೂ ಇರಲಿಲ್ಲ. ನೀವು ಅಲ್ಲಿಗೆ ಎರಡು ದಿನ ಹೋಗಿ ಬನ್ನಿ. ಸಾಗರದಿಂದ ಎಷ್ಟು ದೂರ ಮಹಾ!

ಹುಡುಗನ ಬಗ್ಗೆ. ರಸ್ತೆಯ ಆಚೆ ಬದಿಯಿಂದಲೇ ಅವನು ಎಲ್ಲರ ತುಟಿ ಓದಿ ಕಳ್ಳತನ ಪತ್ತೆ ಮಾಡ್ತಾನೆ ಅಂತ ಬರೆದಿದ್ದೀರಿ. ಕನ್ನಡಿ ಮುಂದೆ ನಿಂತು ದನಿ ಹೊರಡಿಸದೆ "ಪಾರು, ಬಾರು, ಮಾರು" ಅಂದು ನೋಡಿ. ತುಟಿ ಮೂರಕ್ಕೂ ಒಂದೇ ಥರ ಕೂಡುತ್ತೆ. ತುಟಿ ಓದುವವರು ಅರ್ಧ ನೋಡಿ, ಉಳಿದರ್ಧ ಸಂದರ್ಭದಿಂದ ಊಹಿಸ್ತಾರೆ. ಮೀಸೆ ದಟ್ಟ ಇದ್ದರೆ ಅದೂ ಕಷ್ಟ. ನಿಮ್ಮ ಕಥೆಯಲ್ಲಿ ಹುಡುಗನ ಅಪ್ಪನಿಗೆ ಪೊದೆ ಮೀಸೆ ಇದೆ, ಗಮನಿಸಿದ್ದೀರಾ? ರಾತ್ರಿ ಕರೆಂಟು ಹೋದರೆ ಉಳಿದವರಿಗೆ ದೀಪ ಮಾತ್ರ ಹೋಗುತ್ತೆ, ಅವನಿಗೆ ಮಾತೇ ಹೋಗುತ್ತೆ. ನಿಮ್ಮ ಕಥೆ ನಡೆಯೋದು ಮಳೆಗಾಲದ ಕರಾವಳಿಯಲ್ಲಿ, ಕರೆಂಟು ಎಷ್ಟು ಸಲ ಬೇಕಾದರೂ ತೆಗೆಯಬಹುದು. ಊರಿನವರು ಅವನನ್ನು "ಮೂಗ" ಅಂತಾರೆ, ಅನ್ನಲಿ, ಅದು ಅವರ ಬಾಯಿ. ಕಥೆ ಹೇಳುವ ನೀವೂ ಹಾಗೇ ಅನ್ನಬೇಡಿ, ಅವನಿಗೆ ಹೆಸರಿದೆ.

ಇನ್ನೊಂದು ನೀವೇ ಮಾಡಿಕೊಳ್ಳಬಹುದಾದ ಪರೀಕ್ಷೆ. ಒಂದೊಂದು ಪಾತ್ರದ ಮಾತನ್ನೂ ಬೇರೆ ಹಾಳೆಗೆ ಇಳಿಸಿ, ಗಟ್ಟಿಯಾಗಿ ಓದಿ. ನಾನು ಎರಡನೇ ಮುದ್ರಣಕ್ಕೆ ಮುಂಚೆ ಮಾಡಿದಾಗ ಮುಖ ಬಿಸಿಯಾಯ್ತು. ನನ್ನ ನಾಯಕ ಹಾವೇರಿಯವನಾದರೂ ಪತ್ರಿಕೆಯ ಕನ್ನಡ ಆಡ್ತಿದ್ದ, ಹಮಾಲರು ಮಾತ್ರ ಆಡುಮಾತು. ಹಮಾಲರ ಜಾತಿ, ಬಣ್ಣ, ಊಟ ಎಲ್ಲ ಬರೆದಿದ್ದೆ. ನಾಯಕನ ಜಾತಿಯ ಮಾತೇ ಇರಲಿಲ್ಲ, ಯಾಕೆಂದರೆ ಅದು ನನ್ನದೇ.

ಓದಿಸುವುದು ಹೇಗೆ ಅಂತ ಕೇಳಿದ್ದೀರಿ. ಪಿಡಿಎಫ್ ಕಳಿಸಬೇಡಿ, ಪ್ರಿಂಟ್ ತೆಗೆದು ಪೆನ್ಸಿಲ್ ಜೊತೆ ಕೊಡಿ. "ತಪ್ಪಿದೆಯಾ" ಅಂತ ಕೇಳಿದರೆ ನಮ್ಮ ಜನ ಮರ್ಯಾದೆಗೆ "ಚೆನ್ನಾಗಿದೆ" ಅಂತಾರೆ. "ಎಲ್ಲಿ ನಗು ಬಂತು, ಎಲ್ಲಿ ಓದೋದು ನಿಲ್ಲಿಸಿ ಮುಚ್ಚಿಡಬೇಕು ಅನ್ನಿಸ್ತು, ಅಲ್ಲಿ ಗೆರೆ ಎಳೀರಿ" ಅನ್ನಿ. ಬ್ಯಾರಿ ಮನೆಯವರು ಇಬ್ಬರಾದರೂ ಓದಲಿ, ಅದರಲ್ಲಿ ಒಬ್ಬರು ಬೀಡಿ ಕಟ್ಟಿದವರಿದ್ದರೆ ಒಳ್ಳೇದು. ಓದೋಕೆ ಆಗದಿದ್ದರೆ ಓದಿ ಹೇಳಿ. ನಾನು ಎರಡನೇ ಸಲ ಒಬ್ಬೊಬ್ಬರಿಗೆ 2000 ರೂಪಾಯಿ ಕೊಟ್ಟೆ, ಬೇಡ ಅಂದವರ ಕೈಗೂ ಇಟ್ಟೆ.

ಈಗ ಅಚ್ಚಿನ ಲೆಕ್ಕ. 60 ಸಾವಿರ ಕೇಳಿದವರ ಕರಾರು ನೀವು ಹಾಕಿಲ್ಲ. ಹಕ್ಕು ಯಾರದ್ದು, ಉಳಿದ ಪ್ರತಿ ಯಾರ ಹತ್ತಿರ, ಇ-ಪುಸ್ತಕ, ಆಡಿಯೋ ಯಾರದ್ದು, ಇವು ಬರವಣಿಗೆಯಲ್ಲಿ ಇಲ್ಲದಿದ್ದರೆ ಸಹಿ ಬೇಡ.

ನೀವೇ ಹಾಕಿಸುವುದಾದರೆ 1000 ಬೇಡವೇ ಬೇಡ. 300 ಸಾಕು. ನನ್ನ 500ರಲ್ಲಿ ಎಂಬತ್ತನ್ನು ಮಂಚದ ಕೆಳಗೆ ಗೆದ್ದಲು ಓದಿ ಮುಗಿಸಿತು. 192 ಪುಟ, 1/8 ಡೆಮಿ ಅಳತೆ, 70 ಜಿಎಸ್‌ಎಂ ಮ್ಯಾಪ್‌ಲಿಥೋ ಕಾಗದ, ಪ್ರತಿಗೆ ನನಗೆ 95 ರೂಪಾಯಿ ಬಿತ್ತು, ಬೆಲೆ 220 ಇಟ್ಟೆ. ಅಂಗಡಿಗೆ ಶೇ 40 ಬಿಟ್ಟರೆ ಕೈಗೆ 132, ಅಚ್ಚಿನ ಖರ್ಚು ಕಳೆದರೆ 37. ಪುಟ 16ರ ಲೆಕ್ಕಕ್ಕೆ ಕೂರುವ ಹಾಗೆ ನೋಡಿಕೊಳ್ಳಿ. 194 ಆದರೆ ಎರಡು ಪುಟಕ್ಕೆ ಇನ್ನೊಂದು ಫಾರ್ಮ್ (16 ಪುಟ ಒಟ್ಟಿಗೆ ಅಚ್ಚಾಗುವ ಹಾಳೆ) ಬೀಳುತ್ತೆ.

ಡಿಟಿಪಿಗೆ (ಪುಟ ಜೋಡಣೆಗೆ) ಕೊಡೋ ಮುಂಚೆ ಒಂದು ಮಾತು: ನೀವು ಯೂನಿಕೋಡ್‌ನಲ್ಲಿ ಟೈಪ್ ಮಾಡಿದ್ದೀರಿ, ಅವರು ಹಳೆಯ (ಯೂನಿಕೋಡ್ ಅಲ್ಲದ) ನುಡಿ ಫಾಂಟಿಗೆ ಬದಲಿಸಿ, ಪುಟ ಕಟ್ಟುವ ಹಳೆಯ ತಂತ್ರಾಂಶ ಪೇಜ್‌ಮೇಕರ್‌ಗೆ ಹಾಕಬಹುದು. ಆ ಪೇಜ್‌ಮೇಕರ್ ಫೈಲನ್ನು ಮುಂದೆ ಇ-ಪುಸ್ತಕಕ್ಕೆ ಮತ್ತೆ ಯೂನಿಕೋಡ್ ಮಾಡಿದಾಗ ನನ್ನ "ಸೂರ್ಯ" ಎಲ್ಲ "ಸೂಯರ್" ಆಗಿತ್ತು, "ವರ್ಷ" ಹೋಗಿ "ವಷರ್". ಅರ್ಕಾವತ್ತು ಇರುವ ಪದ ಒಂದೊಂದಾಗಿ ಹುಡುಕಿ ತಿದ್ದೋಕೆ ಹನ್ನೊಂದು ರಾತ್ರಿ. ಇನ್‌ಡಿಸೈನ್‌ನಲ್ಲಿ ಯೂನಿಕೋಡ್‌ನಲ್ಲೇ ಪುಟ ಕಟ್ಟುವವರನ್ನು ಹಿಡಿಯಿರಿ. ಟೈರೋ ಕನ್ನಡ, ನೋಟೋ ಸೆರಿಫ್ ಕನ್ನಡ ಎರಡೂ ಉಚಿತ.

ಐಎಸ್‌ಬಿಎನ್‌ಗೆ (ಪುಸ್ತಕದ ಅಂತರರಾಷ್ಟ್ರೀಯ ಗುರುತು ಸಂಖ್ಯೆ) ಯಾರಿಗೂ ದುಡ್ಡು ಕೊಡಬೇಡಿ. ರಾಜಾ ರಾಮಮೋಹನ್ ರಾಯ್ ರಾಷ್ಟ್ರೀಯ ಐಎಸ್‌ಬಿಎನ್ ಏಜೆನ್ಸಿಯ ಜಾಲತಾಣದಲ್ಲಿ ಲೇಖಕರೇ ಪ್ರಕಾಶಕರಾಗಿ ಅರ್ಜಿ ಹಾಕಬಹುದು, ಉಚಿತ. ಅಚ್ಚಿನ ಪುಸ್ತಕಕ್ಕೊಂದು, ಇ-ಪುಸ್ತಕಕ್ಕೊಂದು ಬೇರೆ ಸಂಖ್ಯೆ. ಪುಸ್ತಕ ಬಂದ 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಒಂದು ಪ್ರತಿ ಕಳಿಸಬೇಕು, ಚೆನ್ನೈ, ಮುಂಬೈ, ದೆಹಲಿಯ ಗ್ರಂಥಾಲಯಗಳಿಗೂ ಒಂದೊಂದು. ಇದು 1954ರ ಕಾಯ್ದೆ, ಸ್ವಂತ ಪ್ರಕಾಶನಕ್ಕೂ ಅನ್ವಯ. ನಮ್ಮ ಗ್ರಂಥಾಲಯ ಇಲಾಖೆ ಖರೀದಿಗೆ ಅರ್ಜಿ ಕರೆದಾಗ ಹಾಕಿ, ಆದರೆ ಅದನ್ನು ನಂಬಿ ಸಾಲ ಮಾಡಬೇಡಿ.

ಅಂಚೆಗೆ 2025ರ ಮೇಯಿಂದ ಜ್ಞಾನ ಪೋಸ್ಟ್ ಅನ್ನೋ ಅಗ್ಗದ ಪುಸ್ತಕ ಸೇವೆ ಇದೆ, 300 ಗ್ರಾಂವರೆಗೆ 20 ರೂಪಾಯಿ, ತೆರಿಗೆ ಬೇರೆ. ನಾನು ಹೇಳಿದ ಅಳತೆಯ ಪುಸ್ತಕ ಲಕೋಟೆ ಸೇರಿ ಅದರೊಳಗೇ ನಿಲ್ಲುತ್ತೆ. ಪುಸ್ತಕದ ಮೇಲೆ ಮುದ್ರಕರ ಅಥವಾ ಪ್ರಕಾಶಕರ ಹೆಸರು ಇರಲೇಬೇಕು. ಮೊದಲು ಒಂದು ಪ್ರತಿ ಕೌಂಟರಿನಲ್ಲಿ ತೋರಿಸಿ, ಕಾದಂಬರಿಯನ್ನು ತಗೊಳ್ತಾರಾ ಕೇಳಿಕೊಳ್ಳಿ. ಕಿಂಡಲ್‌ನ ಸ್ವಪ್ರಕಾಶನ ಪಟ್ಟಿಯಲ್ಲಿ ತಮಿಳು, ಮಲಯಾಳಂ, ಹಿಂದಿ, ಮರಾಠಿ, ಗುಜರಾತಿ ಇದ್ದವು, ನಾನು ನೋಡಿದಾಗ ಕನ್ನಡ ಇರಲಿಲ್ಲ. ಕನ್ನಡಕ್ಕೆಂದೇ ಇರುವ ಮೈಲ್ಯಾಂಗ್‌ನಂಥ ಆ್ಯಪ್‌ಗಳನ್ನು ಕೇಳಿ.

ಬಿಡುಗಡೆ ಸಮಾರಂಭಕ್ಕೆ ಅಂತ 25 ಸಾವಿರ ತೆಗೆದಿಟ್ಟಿದ್ದೀರಂತೆ. ಶಾಲು, ಹಾರ, ಪೇಟ, ಆಮೇಲೆ ಬಂದವರೆಲ್ಲರಿಗೂ ಒಂದೊಂದು ಗೌರವ ಪ್ರತಿ! ಆ ದುಡ್ಡಲ್ಲಿ ಮೊದಲ ಓದುಗರಿಗೆ ಕೊಡಿ, ಬಂಟ್ವಾಳಕ್ಕೆ ಹೋಗಿ ಬನ್ನಿ, ಒಳ್ಳೆ ಕರಡು ತಿದ್ದುವವರನ್ನು ಹಿಡಿಯಿರಿ. ಇನ್ನೂ ಉಳಿಯುತ್ತೆ.

ತಿದ್ದಿದ ಮೇಲೆ ಬ್ರಾಂಚಿನ ಅಧ್ಯಾಯ ಕಳಿಸಿ, ಓದುತ್ತೇನೆ. ಭಾಷೆಗೆ ನನ್ನನ್ನು ನಂಬಬೇಡಿ, ನಾನು ಹಾವೇರಿಯವನು. ಹುಡುಗನ ಅಪ್ಪನ ಮೀಸೆ ಮಾತ್ರ ಬೋಳಿಸಬೇಡಿ.