ಐನ್ ರ‍್ಯಾಂಡ್ ಓದಿ ಅಣ್ಣನಿಗೆ ಲೆಕ್ಕ ಕೊಟ್ಟವನ ಉತ್ತರ

ಐನ್ ರ‍್ಯಾಂಡ್ ಓದಿದ್ದೇನೆ, ಸ್ವಂತ ಬುದ್ಧಿಯಿಂದ ವಿಚಾರ ಮಾಡು, ನಿನ್ನ ಹಿತಕ್ಕಾಗಿ ಬದುಕು ಅನ್ನುವ ಆ ಅಮೆರಿಕನ್ ಲೇಖಕಿಯ ತತ್ವವನ್ನು ದಿನನಿತ್ಯ ಅಳವಡಿಸಿಕೊಳ್ಳುವುದು ಹೇಗೆ, ತಿಂಗಳಾ ತಿಂಗಳಾ ಊರಿಗೆ ದುಡ್ಡು ಕಳಿಸುವುದು ಅದಕ್ಕೆ ವಿರುದ್ಧವಲ್ಲವೇ ಅಂತ ಕೇಳಿದ್ದೀರಿ. ವಯಸ್ಸು 25 ಅಂತಲೂ ಬರೆದಿದ್ದೀರಿ. ನನಗೆ ಆಗ 26. ಉಳಿದದ್ದೆಲ್ಲ ನನ್ನದೇ ಕಥೆ.

ನಮ್ಮದು ತಿಪಟೂರು ಕಡೆ ತೆಂಗಿನ ತೋಟ. 2002ರಲ್ಲಿ ಅಪ್ಪ ತೀರಿಕೊಂಡಾಗ ಅಣ್ಣ ಬಿ.ಕಾಂ. ಎರಡನೇ ವರ್ಷದಲ್ಲಿದ್ದ, ನಾನು ಪಿಯುಸಿ. ಅವನು ಕಾಲೇಜು ಬಿಟ್ಟು ತೋಟಕ್ಕಿಳಿದ. ನಾನು ಇಂಜಿನಿಯರಿಂಗ್ ಸೇರಿದೆ. ಹಾಸ್ಟೆಲಿನಲ್ಲಿ ಸೀನಿಯರ್ ಒಬ್ಬ ಆಕೆಯ ಕಾದಂಬರಿ 'ದಿ ಫೌಂಟನ್‌ಹೆಡ್' ಕೈಗಿಟ್ಟ. ಫುಟ್‌ಪಾತಿನ ಪ್ರತಿ, ನಡುವೆ ಮೂವತ್ತು ಪುಟ ತಲೆಕೆಳಗಾಗಿ ಹೊಲಿದಿದ್ದರು. ಮೂರು ರಾತ್ರಿ ಕೂತು ಓದಿದೆ. ತನ್ನ ನಕ್ಷೆಯಲ್ಲಿ ಕೈಯಾಡಿಸಲು ಬಿಡದೆ ಬ್ಯಾಂಕ್ ಕಟ್ಟಡದ ಕೆಲಸವನ್ನೇ ಬಿಟ್ಟು, ಗ್ರಾನೈಟ್ ಕ್ವಾರಿಯಲ್ಲಿ ಕಲ್ಲು ಕೊರೆಯಲು ಹೋದ ಅದರ ನಾಯಕ, ವಾಸ್ತುಶಿಲ್ಪಿ ಹೊವಾರ್ಡ್ ರೋರ್ಕ್ ತಲೆಯಲ್ಲಿ ಕೂತುಬಿಟ್ಟ. ಆಮೇಲೆ 'ಅಟ್ಲಾಸ್ ಶ್ರಗ್ಡ್'. ಸಾವಿರ ಪುಟ ದಾಟುವ ಆ ಪುಸ್ತಕದಿಂದ ನಾನು ಕಿತ್ತುಕೊಂಡದ್ದು ಅದರ ನಾಯಕ ಜಾನ್ ಗಾಲ್ಟ್‌ನ ಪ್ರತಿಜ್ಞೆಯ ಅರ್ಧ ಭಾಗ ಮಾತ್ರ: ಇನ್ನೊಬ್ಬರಿಗಾಗಿ ನಾನು ಬದುಕುವುದಿಲ್ಲ. ಇನ್ನರ್ಧ ಆಮೇಲೆ ಬರುತ್ತದೆ.

ಕೆಲಸ ಸಿಕ್ಕಿತು, ಬೆಂಗಳೂರು, ತಿಂಗಳಿಗೆ ಎಂಟು ಸಾವಿರ ಊರಿಗೆ. 2011ರ ಗೌರಿ ಹಬ್ಬಕ್ಕೆ ಹೋದಾಗ ಬ್ಯಾಗಿನಲ್ಲಿ ಒಂದು ಎಕ್ಸೆಲ್ ಶೀಟಿನ ಪ್ರಿಂಟ್ ಇತ್ತು. ಎಡಗಡೆ ಅಣ್ಣ ನನಗೆ ಖರ್ಚು ಮಾಡಿದ್ದು: ಫೀಸು, ಹಾಸ್ಟೆಲ್ಲು, ಒಂದು ಕಂಪ್ಯೂಟರು, ಮಾರಿದ ಎರಡು ಹಸು. ಬಲಗಡೆ ನಾನು ಕಳಿಸಿದ್ದು. ಶೇ. 8ರಂತೆ ಬಡ್ಡಿಯನ್ನೂ ಹಾಕಿದ್ದೆ, ನ್ಯಾಯವಾಗಿರಲಿ ಅಂತ. ಒಟ್ಟಿನಲ್ಲಿ ನಾನೇ 11,400 ಹೆಚ್ಚು ಕೊಟ್ಟಿದ್ದೆ. ಕೊಡು-ಕೊಳ್ಳುವ ಸಮಾನರಾಗಿ ಬದುಕೋಣ, ಯಾರ ಋಣವೂ ಯಾರ ಮೇಲೂ ಬೇಡ ಅಂತ ಒಂದು ಸಣ್ಣ ಭಾಷಣವನ್ನೂ ಮಾಡಿದೆ.

ಅಣ್ಣ ಜಗಲಿ ಮೇಲೆ ಕೂತು ಪೂರ್ತಿ ಓದಿದ.

"ಬಡ್ಡಿ ಎಷ್ಟು ಹಾಕಿದ್ದೀಯ?"

"ಎಂಟು ಪರ್ಸೆಂಟು."

"ಹೊರಗಡೆ ಇನ್ನೂ ಜಾಸ್ತಿ ಐತೆ. ಇರ್ಲಿ ಬಿಡು. ಚುಕ್ತಾ."

ಮಡಚಿ, ಕೊಬ್ಬರಿ ಮಾರಿದ ರಸೀತಿಗಳ ಜೊತೆ ಬೀರುವಿನಲ್ಲಿಟ್ಟ.

ನನ್ನ ತಪ್ಪು ಯಾವುದು ಅಂತ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಈ ಕಥೆ ಕೇಳಿದವರೆಲ್ಲ ಬೇರೆಯದನ್ನೇ ತಪ್ಪು ಅಂದುಕೊಳ್ಳುತ್ತಾರೆ. ದುಡ್ಡು ನಿಲ್ಲಿಸಿದ್ದು ತಪ್ಪಲ್ಲ. ತೋಟ ಚೆನ್ನಾಗಿ ನಡೆಯುತ್ತಿತ್ತು, ಅವರಿಗೆ ನನ್ನ ಎಂಟು ಸಾವಿರ ಬೇಕಿರಲಿಲ್ಲ. ಹಬ್ಬದ ದಿನ ಕೊಟ್ಟದ್ದು ಮೂರ್ಖತನ, ಆದರೆ ಅದೂ ಅಲ್ಲ. ಲೆಕ್ಕ ಹಾಕಿದ್ದೇ ತಪ್ಪು ಅನ್ನುತ್ತಾರೆ ಕೆಲವರು, ಮನೆಯವರ ಜೊತೆ ಎಂಥ ಲೆಕ್ಕ ಅಂತ. ಅದನ್ನೂ ನಾನು ಒಪ್ಪುವುದಿಲ್ಲ. ಲೆಕ್ಕ ಬರೆಯದೆ ಬೇರೆಯಾದ ಅಣ್ಣತಮ್ಮಂದಿರು ಕೋರ್ಟಿಗೆ ಅಲೆಯುವುದನ್ನು ನಮ್ಮೂರಲ್ಲೇ ನೋಡಿದ್ದೇನೆ. ನನ್ನ ತಪ್ಪು ಆ ಲೆಕ್ಕ ಸುಳ್ಳಾಗಿದ್ದದ್ದು. ರಸೀತಿ ಇದ್ದದ್ದನ್ನೆಲ್ಲ ಬರೆದೆ, ಇಲ್ಲದ್ದಕ್ಕೆ ಸೊನ್ನೆ ಹಾಕಿದೆ. ಗೊತ್ತಿಲ್ಲ ಅಂತ ಖಾಲಿ ಬಿಡಲಿಲ್ಲ ನೋಡಿ, ಸೊನ್ನೆ ಹಾಕಿದೆ. ಕೆಟ್ಟು ನಿಂತ ಮೀಟರಿಗೂ ಸೊನ್ನೆ ತೋರಿಸುವ ಮೀಟರಿಗೂ ಇರುವ ವ್ಯತ್ಯಾಸ ಇಂಜಿನಿಯರಿಗೆ ಗೊತ್ತಿರಬೇಡವೇ? ಅಣ್ಣನ ಬಿ.ಕಾಂ. ಎಲ್ಲೂ ಇರಲಿಲ್ಲ. ನನ್ನ ಓದು ಮುಗಿಯಲಿ ಅಂತ ಅವನ ಮದುವೆ ಮೂರು ವರ್ಷ ಮುಂದಕ್ಕೆ ಹೋದದ್ದು ಇರಲಿಲ್ಲ. ಇವು ಭಾವನೆಯ ಮಾತು ಅನ್ನಿಸಿದರೆ ಬಿಡಿ, ಶುದ್ಧ ದುಡ್ಡಿನ ಮಾತನ್ನೇ ಕೇಳಿ. ತೋಟದ ಪಹಣಿಯಲ್ಲಿ ನನ್ನ ಹೆಸರೂ ಜಂಟಿಯಾಗಿದೆ. ಅರ್ಧ ತೋಟ ನನ್ನದು. ಒಂಬತ್ತು ವರ್ಷ ಅದಕ್ಕೆ ನೀರು ಬಿಟ್ಟು, ಗೊಬ್ಬರ ಹಾಕಿ, ಕಾಯಿ ಕೆಡವಿಸಿ ಉಳಿಸಿಕೊಂಡವನು ಅಣ್ಣ. ಆ ಕಾಲಂ ತೆರೆದಿದ್ದರೆ ಅಷ್ಟು ವರ್ಷದ ಉಸ್ತುವಾರಿ ನನ್ನ ತಲೆ ಮೇಲೆ ಬರುತ್ತಿತ್ತು. ಮರೆತು ಬಿಟ್ಟದ್ದಲ್ಲ. ಒಂದು ಸಂಜೆ ಆ ಕಾಲಂ ಹಾಕಿ, ಅಳಿಸಿದ್ದೆ.

ಕಣ್ಣೆದುರಿನ ಸಂಗತಿಯನ್ನು ಬೇಕೆಂದೇ ನೋಡದಿರುವುದಿದೆಯಲ್ಲ, ರ‍್ಯಾಂಡ್ ಪ್ರಕಾರ ಮನುಷ್ಯನ ಎಲ್ಲ ಕೆಡುಕಿನ ಮೂಲ ಅದು. ಆಕೆಯ ಹೆಸರು ಹೇಳಿಕೊಂಡೇ ಅದನ್ನು ಮಾಡಿದ್ದೆ.

ಅಣ್ಣನ ಕಥೆಗೆ ಬರುತ್ತೇನೆ. ಅಟ್ಟದ ಮೇಲೆ ಕಾಯಿ ಹಾಕಿ, ಒಳಗೆ ನೀರು ಇಂಗಿ ಕೊಬ್ಬರಿ ಗಿಟುಕಾಗಲಿ ಅಂತ ವರ್ಷ ಕಾಯುವ ಮನುಷ್ಯ ಅವನು. ಕೂಗಾಡಲಿಲ್ಲ, ಅತ್ತಿಗೆಗೂ ಏನೂ ಹೇಳಿದಂತಿರಲಿಲ್ಲ. ನನ್ನ ಮಾತನ್ನು ಹಾಗೆಯೇ ಒಪ್ಪಿಕೊಂಡ, ಅಷ್ಟೆ. ಮುಂದಿನ ತಿಂಗಳು ಬಸ್ಸಿನಲ್ಲಿ ಕಾಯಿ ಮೂಟೆ ಬಂತು. ಯಾವಾಗಲೂ ಬರುವಂಥದ್ದೇ. ಈ ಸಲ ಒಳಗೊಂದು ಚೀಟಿ: ಕಾಯಿ 50, ಚೀಲ 10 ರೂ., ಬಸ್ ಲಗೇಜು 40 ರೂ. ನಾನು ನಕ್ಕು ದುಡ್ಡು ಕಳಿಸಿದೆ. ದೀಪಾವಳಿಗೆ ಹೋದರೆ ಹಜಾರದಲ್ಲಿ ಊಟದ ಎಲೆ ಹಾಕಿದ್ದರು. ಅಡುಗೆಮನೆಯಲ್ಲಿ ಒಲೆ ಪಕ್ಕ ಚಕ್ಕಳಮಕ್ಕಳ ಹಾಕಿ, ಪಾತ್ರೆಯಿಂದಲೇ ಬಡಿಸಿಕೊಂಡು ಉಣ್ಣುತ್ತಿದ್ದವನು ನಾನು. ಅತ್ತಿಗೆ "ಇನ್ನೊಂಚೂರು ಬಡಿಸ್ಲಾ?" ಅಂದ ದನಿ ನೆಂಟರಿಗೆ ಮೀಸಲಾದದ್ದು.

2013ರಲ್ಲಿ ಅಮ್ಮ ಬಚ್ಚಲಮನೆಯಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ತುಮಕೂರಿನಲ್ಲಿ ಆಪರೇಷನ್. ನನಗೆ ಗೊತ್ತಾದದ್ದು ಹನ್ನೆರಡನೇ ದಿನ, ಮೆಜೆಸ್ಟಿಕ್‌ನಲ್ಲಿ ಸಿಕ್ಕ ಊರಿನವರೊಬ್ಬರು "ಅಮ್ಮ ಹೆಂಗವ್ರೆ ಈಗ?" ಅಂತ ಕೇಳಿದಾಗ. ಅಲ್ಲಿಂದಲೇ ಬಸ್ಸು ಹತ್ತಿದೆ. ಅಮ್ಮ ನನ್ನ ನೋಡಿ, "ಚೆನ್ನೈ ಕೆಲ್ಸ ಮುಗೀತಾ?" ಅಂದಳು. ನಾನು ಚೆನ್ನೈಗೆ ಹೋಗಿರಲೇ ಇಲ್ಲ. ಅಣ್ಣ ಹಾಗೆ ಹೇಳಿ ಅವಳನ್ನು ಆಪರೇಷನ್ ಥಿಯೇಟರಿಗೆ ಕಳಿಸಿದ್ದ.

ಹೊರಗೆ ಬಂದು ಅಣ್ಣನ ಮೇಲೆ ರೇಗಿದೆ. ಯಾಕೆ ಹೇಳಲಿಲ್ಲ?

"ಹೇಳಿದ್ರೆ ದುಡ್ಡು ಕೇಳ್ದಂಗೆ ಆಗ್ತಿತ್ತು ಕಣೋ. ಚುಕ್ತಾ ಆಗಿತ್ತಲ್ಲ."

ವ್ಯಂಗ್ಯ ಇರಲಿಲ್ಲ ಆ ಮಾತಿನಲ್ಲಿ. ಅದೇ ಕಷ್ಟವಾದದ್ದು. ಗಾಲ್ಟ್‌ನ ಪ್ರತಿಜ್ಞೆಯ ಇನ್ನರ್ಧ ಏನು ಗೊತ್ತಲ್ಲ: ನನಗಾಗಿ ಬದುಕು ಅಂತ ಇನ್ನೊಬ್ಬರನ್ನು ಕೇಳುವುದಿಲ್ಲ. ಒಂದು ಇಂಗ್ಲಿಷ್ ಕಾದಂಬರಿ ಮುಟ್ಟದ ಅಣ್ಣ ಅದನ್ನು ಪಾಲಿಸುತ್ತಿದ್ದ. ಅವನು ದುಡಿದು ತಂದದ್ದನ್ನು ಪಡೆದು ಓದಿದ ನಾನು ಮೊದಲರ್ಧ ಹಿಡಿದು ಕುಣಿಯುತ್ತಿದ್ದೆ.

ಈಗ ನಿಮ್ಮ ಪ್ರಶ್ನೆ. ನನಗೆ ಪ್ರಶ್ನೆಯೇ ಸರಿ ಕಾಣುತ್ತಿಲ್ಲ. ಮನೆಗೆ ಎಷ್ಟು ಕಳಿಸಬೇಕು ಅನ್ನುವುದು ನಿಮ್ಮ ಸಂಬಳ, ಬಾಡಿಗೆ, ಅಲ್ಲಿಯ ಅಗತ್ಯ, ನಿಮ್ಮ ಇಷ್ಟ ಇಷ್ಟರ ಮೇಲೆ ನಿಂತ ಮಾತು. ಇಷ್ಟವಿಲ್ಲದಿದ್ದರೆ ಫೋನ್ ಮಾಡಿ 'ಇನ್ನು ಇಷ್ಟೇ ಆಗೋದು' ಅಂತ ನಿಮ್ಮ ಬಾಯಲ್ಲೇ ಹೇಳಿ. ಆ ಧೈರ್ಯವಿಲ್ಲದಾಗಲೇ ನನ್ನಂಥವರು ತತ್ವಜ್ಞಾನಿಯನ್ನು ಮುಂದೆ ನಿಲ್ಲಿಸಿ ಅವರ ಬೆನ್ನ ಹಿಂದೆ ಅವಿತುಕೊಳ್ಳುವುದು. ಸ್ವಂತ ತಲೆಯಿಂದ ಯೋಚಿಸು ಅಂದವಳ ಮಾತನ್ನು ಗಿಳಿಪಾಠ ಮಾಡಿ ಒಪ್ಪಿಸುವುದಕ್ಕಿಂತ ದೊಡ್ಡ ತಮಾಷೆ ಏನಿದೆ?

ಓದುವುದಾದರೆ ಪೂರ್ತಿ ಓದಿ. ರ‍್ಯಾಂಡ್ ತ್ಯಾಗ ಅಂದದ್ದು ಹೆಚ್ಚು ಬೆಲೆಯದನ್ನು ಕಡಿಮೆ ಬೆಲೆಯದಕ್ಕೆ ಬಿಟ್ಟುಕೊಡುವುದಕ್ಕೆ. ಹೆಂಡತಿಯನ್ನು ಪ್ರೀತಿಸುವವನು ಅವಳ ಕಾಯಿಲೆಗೆ ಆಸ್ತಿಯನ್ನೇ ಸುರಿದರೂ ಅದು ತ್ಯಾಗವಲ್ಲ ಅಂತ 1964ರಲ್ಲಿ ಬಂದ 'ದಿ ವರ್ಚ್ಯೂ ಆಫ್ ಸೆಲ್ಫಿಶ್‌ನೆಸ್'ನಲ್ಲಿದೆ. ರೋರ್ಕ್ ಕೂಡ ಸೋತು ಮೂಲೆಗೆ ಸೇರಿದ ಗುರು ಕ್ಯಾಮರಾನ್‌ನನ್ನು ಕೊನೆಯವರೆಗೂ ಬಿಡಲಿಲ್ಲ. ಆ ಪುಟಗಳು ನನ್ನ ಪ್ರತಿಯಲ್ಲಿ ತಲೆಕೆಳಗಾಗಿರಲಿಲ್ಲ, ಆದರೂ ಕಾಣಲಿಲ್ಲ. ಇನ್ನು ಆಕೆ 1926ರಲ್ಲಿ ರಷ್ಯಾ ಬಿಟ್ಟು ಅಮೆರಿಕಕ್ಕೆ ಬಂದಾಗ ಮೊದಲ ಕೆಲವು ತಿಂಗಳು ಉಳಿದದ್ದು ಶಿಕಾಗೋದ ನೆಂಟರ ಮನೆಯಲ್ಲಿ. ಅವರಿಗೂ ಎಕ್ಸೆಲ್ ಶೀಟ್ ಕೊಟ್ಟಿರಲಾರಳು ಬಿಡಿ, 'ಆಗ ಎಕ್ಸೆಲ್ ಇರಲಿಲ್ಲ' ಅಂತ ಯಾರಾದರೂ ಕಾಮೆಂಟ್ ಹಾಕುವ ಮೊದಲೇ ನಾನೇ ಹೇಳಿಬಿಡುತ್ತೇನೆ.

ವಿಚಾರ ಬೇಡ ಅನ್ನುತ್ತಿಲ್ಲ. ಅದಕ್ಕೆ ಸ್ವಾರ್ಥವನ್ನು ಗಂಟು ಹಾಕಲೇಬೇಕು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಪ್ರಶ್ನಿಸದೆ ಏನನ್ನೂ ಒಪ್ಪಬೇಡಿ ಅನ್ನುತ್ತಿದ್ದ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದವರು. ಖಾದಿ ತೊಟ್ಟು ಹಾಸ್ಟೆಲ್ ಕೋಣೆಯಲ್ಲಿ ಬಾಳಿದರು. ಅವರ ತರ್ಕ ಯಾವ ಮಹಾ ಸ್ವಾರ್ಥಿಯ ತರ್ಕಕ್ಕೂ ಕಡಿಮೆ ಇರಲಿಲ್ಲ. ನಾನಂತೂ ಈಗ ಬುದ್ಧಿ ಖರ್ಚು ಮಾಡುವುದು ಅಂಗೈ ಮೇಲೆ ತೆಂಗಿನಕಾಯಿ ಇಟ್ಟು ಬೋರ್‌ವೆಲ್ ಪಾಯಿಂಟ್ ತೋರಿಸುವವರನ್ನು ಅಣ್ಣ ಕರೆಸಿದಾಗ. ಜೋರಾಗಿ ಜಗಳ ಆಡುತ್ತೇನೆ. ಜಗಳ ಶುರುವಾಗಿದೆ ಅನ್ನುವುದೇ ದೊಡ್ಡದು. ನೆಂಟರ ಜೊತೆ ಯಾರೂ ಜಗಳ ಆಡುವುದಿಲ್ಲ.

ಅಮ್ಮ ಕೋಲು ಹಿಡಿದು ಓಡಾಡುತ್ತಾಳೆ. ಎಕ್ಸೆಲ್ ಶೀಟು ವಾಪಸ್ ಕೊಡು ಅಂತ ಒಮ್ಮೆ ಅಣ್ಣನನ್ನು ಕೇಳಿದೆ, "ರಸೀತಿ ಎಲ್ಲಾದ್ರೂ ವಾಪಸ್ ಕೊಡ್ತಾರಾ?" ಅಂದ. ಕಾಯಿ ಮೂಟೆ ಈಗಲೂ ಬರುತ್ತದೆ, ಒಳಗೆ ಚೀಟಿಯೂ ಇರುತ್ತದೆ. ತಮಾಷೆಗೋ, ಆರದ ಕೋಪಕ್ಕೋ ಕೇಳುವ ಧೈರ್ಯ ಇನ್ನೂ ಬಂದಿಲ್ಲ. ಮೂಟೆ ಬಂದ ದಿನವೇ ಫೋನ್‌ಪೇ ಮಾಡುತ್ತೇನೆ.